780 ರೂಪಾಯಿಯ ತರಗತಿ

ಬ್ಯಾಂಕಿನಲ್ಲಿ ವೋಚರ್ ಅಂತ ಒಂದು ಚೀಟಿ ಇರುತ್ತದೆ, ಮಕ್ಕಳೇ. ಯಾರು ಎಷ್ಟು ಹಣ ಕಟ್ಟಿದರು, ಯಾರು ಎಷ್ಟು ತೆಗೆದರು ಎಂಬುದಕ್ಕೆ ಅದೇ ಸಾಕ್ಷಿ. ಕಂಪ್ಯೂಟರ್ ಬರುವುದಕ್ಕೆ ಮುಂಚೆ, ಗಿರಾಕಿಗಳೆಲ್ಲ ಹೋದ ಮೇಲೆ ನಾವು ಗುಮಾಸ್ತರು ಕೂತು ಆ ದಿನದ ವೋಚರುಗಳನ್ನು ಪುಸ್ತಕದ ಲೆಕ್ಕದ ಜೊತೆ ತಾಳೆ ನೋಡುತ್ತಿದ್ದೆವು. ಒಂದೇ ಒಂದು ಚೀಟಿ ಕಡಿಮೆ ಬಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ಆಗ ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ದಪ್ಪ ಲೆಡ್ಜರಿನ ಹಾಳೆಗಳ ನಡುವೆ ಹುಡುಕಾಟ. ಸಿಕ್ಕುವ ತನಕ ಯಾರೂ ಮನೆಗೆ ಹೊರಡುವ ಹಾಗಿಲ್ಲ. ಮೂವತ್ತು ಚಿಲ್ಲರೆ ವರ್ಷ ಈ ಕೆಲಸ ಮಾಡಿದವನಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಎಲ್ಲಿಗೆ ಹೋದರೂ ಯಾವ ವಸ್ತುವಿಗೆ ಎಲ್ಲಿ ಜಾಗ ಅಂತಲೇ ಕಣ್ಣು ಹುಡುಕುತ್ತದೆ.

ಎರಡು ವರ್ಷದಿಂದ ವಾರಕ್ಕೆ ಎರಡು ಬೆಳಗ್ಗೆ ನಮ್ಮ ಗೊರಗುಂಟೆಪಾಳ್ಯದ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೇನೆ. ಪಾಠ ಮಾಡುವುದಕ್ಕಲ್ಲ, ಆ ವಿದ್ಯೆ ನನಗೆ ಬಾರದು. ಪೆನ್ಸಿಲ್ ಚೂಪು ಮಾಡುವುದು, ಹರಿದದ್ದನ್ನು ಅಂಟಿಸುವುದು, ಎತ್ತಿಡುವುದು, ಇಷ್ಟೇ ನನ್ನ ಕೆಲಸ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ನಲಿ-ಕಲಿ ತರಗತಿ ಅದು. ಇಪ್ಪತ್ತೆಂಟು ಮಕ್ಕಳು, ಒಬ್ಬರು ಟೀಚರ್. ಕಡಿಮೆ ದುಡ್ಡಿನಲ್ಲಿ ಇಂಥ ಕೋಣೆಯನ್ನು ಹೇಗೆ ಒಪ್ಪವಾಗಿ ಇಟ್ಟುಕೊಳ್ಳುವುದು ಎಂಬುದು ಈ ವಾರದ ಮಾತು.

ನಲಿ-ಕಲಿ ನಮ್ಮ ರಾಜ್ಯದ್ದೇ ಕೂಸು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಮೇಷ್ಟ್ರುಗಳು, ಮೇಡಂಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಮಕ್ಕಳು ಪಠ್ಯಪುಸ್ತಕದ ಬದಲು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ನಮ್ಮವರು ಊರಿಗೆ ಬಂದು, ಯುನಿಸೆಫ್ ನೆರವು ಪಡೆದು, ನಮ್ಮ ಪಠ್ಯಕ್ಕೆ ಹೊಂದುವಂತೆ ತಾವೇ ಕೂತು ಕಾರ್ಡುಗಳನ್ನು ಬರೆದರು. 2009–10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆಲ್ಲ ಬಂತು. ಆಮೇಲೆ ಮೂರನೆಯದೂ ಸೇರಿತು.

ಅಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ ಅಂತ ಒಂದು ದೊಡ್ಡ ಪಟ ಇರುತ್ತದೆ. ಅದರಲ್ಲಿ ಮೆಟ್ಟಿಲುಗಳು. ಹಲವು ಮೆಟ್ಟಿಲು ಹತ್ತಿದರೆ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಒಂದು ಸಂಖ್ಯೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಅಂತ ನೋಡಿಕೊಂಡು, ಅದೇ ಗುರುತಿನ ಕಾರ್ಡನ್ನು ತಾನೇ ಹುಡುಕಿ ತರಬೇಕು. ಆಮೇಲೆ ಐದು ತಟ್ಟೆಗಳು. ಒಂದರ ಸುತ್ತ ಕೂತವರಿಗೆ ಟೀಚರ್ ಪೂರ್ತಿ ಕಲಿಸುತ್ತಾರೆ, ಇನ್ನೊಂದಕ್ಕೆ ಸ್ವಲ್ಪ ಸಹಾಯ, ಎರಡರಲ್ಲಿ ಜೊತೆಯ ಮಕ್ಕಳ ಸಹಾಯ, ಐದನೆಯದರಲ್ಲಿ ಮಗು ತಾನೇ ಮಾಡಬೇಕು. ಜ್ವರ ಬಂದು ಹತ್ತು ದಿನ ಮಲಗಿದ್ದ ಮಗು ವಾಪಸು ಬಂದರೆ, ಬಿಟ್ಟ ಮೆಟ್ಟಿಲಿನಿಂದಲೇ ಶುರು. ನಿನ್ನೆ ಮಾಡಿದ ಪಾಠ ಹೋಯಿತು ಅನ್ನುವ ಗೋಳಿಲ್ಲ.

ಈಗ ನೀವೇ ಯೋಚಿಸಿ. ಮೂವತ್ತೊಂದನೇ ಕಾರ್ಡು ಕಳೆದುಹೋದರೆ? ಅಥವಾ ಅದು ಹದಿನೈದರ ಕಟ್ಟಿನೊಳಗೆ ಸೇರಿಕೊಂಡರೆ? ಆ ಮೆಟ್ಟಿಲಿಗೆ ಬಂದ ಮಗು ಅಲ್ಲೇ ನಿಂತುಬಿಡುತ್ತದೆ. ಟೀಚರ್ ಬೇರೆ ತಟ್ಟೆಯಲ್ಲಿ ಮುಳುಗಿರುತ್ತಾರೆ. ಮಗು ಸ್ವಲ್ಪ ಹೊತ್ತು ಹುಡುಕುತ್ತದೆ, ಆಮೇಲೆ ಪಕ್ಕದವನ ಜೊತೆ ಜಗಳ ತೆಗೆಯುತ್ತದೆ. ತರಗತಿಯನ್ನು ಒಪ್ಪವಾಗಿ ಇಡುವುದು ಅಂದರೆ ಇನ್‌ಸ್ಪೆಕ್ಟರ್ ಬಂದಾಗ ಚೆನ್ನಾಗಿ ಕಾಣಲಿ ಅಂತಲ್ಲ. ವೋಚರ್ ಕಳೆದರೆ ನಾವು ದೊಡ್ಡವರು ಒಂದು ಬಸ್ಸು ತಪ್ಪಿಸಿಕೊಳ್ಳುತ್ತಿದ್ದೆವು, ಅಷ್ಟೇ. ಇಲ್ಲಿ ಆರು ವರ್ಷದ ಮಗುವಿಗೆ ಏಣಿಯ ಒಂದು ಮೆಟ್ಟಿಲೇ ಇಲ್ಲದಂತಾಗುತ್ತದೆ.

ಹಾಗಾಗಿ ಮೊದಲ ಕೆಲಸ ಕಾರ್ಡುಗಳಿಗೆ ಮನೆ ಕಟ್ಟುವುದು. ಇದಕ್ಕೆ ದುಡ್ಡೇ ಬೇಡ. ನಮ್ಮ ಕಡೆ ಪೀಣ್ಯದ ಕಾರ್ಖಾನೆಗಳಿಂದ ರಟ್ಟಿನ ಡಬ್ಬಗಳು ಗುಜರಿ ಅಂಗಡಿಗೆ ದಂಡಿಯಾಗಿ ಬರುತ್ತವೆ. ಆದರೆ ಹುಷಾರು, ಬಣ್ಣ, ಎಣ್ಣೆ, ರಾಸಾಯನಿಕ ತುಂಬಿ ಬಂದ ಡಬ್ಬ ಮಕ್ಕಳ ಕೋಣೆಗೆ ಬೇಡವೇ ಬೇಡ, ಎಷ್ಟು ಗಟ್ಟಿಯಾಗಿದ್ದರೂ ಸರಿ. ನಾನು ಆರಿಸುವುದು ಚಪ್ಪಲಿ ಅಂಗಡಿಯ ಡಬ್ಬ, ಬೇಕರಿಯ ಸ್ವೀಟ್ ಡಬ್ಬ. ಸ್ವೀಟ್ ಡಬ್ಬವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಎರಡು ದಿನ ಬಿಸಿಲಿಗಿಡಿ. ಇಲ್ಲದಿದ್ದರೆ ಮಕ್ಕಳಿಗಿಂತ ಮುಂಚೆ ಇರುವೆಗಳು ಹಾಜರಿ ಹಾಕುತ್ತವೆ.

ಡಬ್ಬದ ಒಳಗೆ ಹತ್ತು ಹತ್ತು ಕಾರ್ಡಿಗೆ ಒಂದು ಅಡ್ಡರಟ್ಟು. ಆ ಅಡ್ಡರಟ್ಟಿಗೆ ನಾನು ಬಳಸುವುದು ಹಳೆಯ ಲಗ್ನಪತ್ರಿಕೆ. ನನ್ನ ವಯಸ್ಸಿನವರ ಮನೆಯಲ್ಲಿ ಲಗ್ನಪತ್ರಿಕೆಗೆ ಬರ ಉಂಟೇ? ಗಣೇಶನ ಚಿತ್ರ ಇದೆ, ಎಸೆಯಲು ಮನಸ್ಸಿಲ್ಲ, ಇಡಲು ಜಾಗವಿಲ್ಲ ಅಂತ ಬೀರುವಿನ ಮೇಲೆ ಕಟ್ಟಿಟ್ಟಿರುತ್ತೇವೆ. ದೇವರ ಚಿತ್ರವಿರುವ ಮುಖಪುಟವನ್ನು ಬೇರೆ ತೆಗೆದಿಟ್ಟು, ಒಳಗಿನ ಗಟ್ಟಿ ಹಾಳೆಯ ಖಾಲಿ ಬೆನ್ನನ್ನು ಬಳಸಿ. ಅಂಗಡಿಯಲ್ಲಿ ಅಷ್ಟು ಒಳ್ಳೆಯ ಕಾಗದಕ್ಕೆ ಎಷ್ಟು ಕೇಳುತ್ತಾರೆ ಗೊತ್ತಲ್ಲ! ಪದಗಳ ಮಿಂಚುಪಟ್ಟಿಯೂ ಅದರಲ್ಲೇ ಆಗುತ್ತದೆ. ಅಂಕಿಗಳಿಗೆ ಹೋದ ವರ್ಷದ ಗೋಡೆ ಕ್ಯಾಲೆಂಡರ್ ಕತ್ತರಿಸಿ. 1ರಿಂದ 28ರ ತನಕ ದೊಡ್ಡ ಅಕ್ಷರದಲ್ಲಿ ಹನ್ನೆರಡು ಜೊತೆ ಪುಕ್ಕಟೆ.

ಡಬ್ಬದ ಮೇಲೆ ಹೆಸರು ಬರೆಯುವಾಗ ಒಂದು ಮಾತು. ಓದಲು ಬರುವವರಿಗೆ ಮಾತ್ರ ಗೊತ್ತಾಗುವ ಹಾಗೆ ‘ಗಣಿತ’, ‘ಪರಿಸರ’ ಅಂತ ಬರೆದರೆ ಒಂದನೇ ತರಗತಿಯವನಿಗೆ ಏನು ಪ್ರಯೋಜನ? ಅಕ್ಷರದ ಪಕ್ಕ ಒಂದು ಚಿತ್ರ ಇರಲಿ. ನಲಿ-ಕಲಿ ಕಾರ್ಡಿನಲ್ಲಿ ಚಿತ್ರದ ಗುರುತು ಇಟ್ಟವರ ಬುದ್ಧಿವಂತಿಕೆ ಇರುವುದು ಅಲ್ಲೇ. ಓದಲು ಬಾರದ ಮಗುವೂ ತನಗೆ ಬೇಕಾದ್ದನ್ನು ಯಾರನ್ನೂ ಕೇಳದೆ ಎತ್ತಿಕೊಳ್ಳಬಹುದು. ದಿನಾ ಆ ಚಿತ್ರದ ಪಕ್ಕದ ಅಕ್ಷರ ನೋಡಿ ನೋಡಿ ಒಂದು ದಿನ ಅದನ್ನೂ ಓದಿಬಿಡುತ್ತದೆ.

ಇನ್ನೊಂದು, ಎತ್ತರ. ಶಾಲೆಗಳಲ್ಲಿ ಕಬ್ಬಿಣದ ಬೀರು ಇರುತ್ತದೆ, ಅದಕ್ಕೆ ಬೀಗ ಇರುತ್ತದೆ, ಬೀಗದ ಕೈ ಯಾರದೋ ಬ್ಯಾಗಿನಲ್ಲಿರುತ್ತದೆ. ಒಳ್ಳೊಳ್ಳೆಯ ಸಾಮಾನು ಹೊಸದಾಗಿಯೇ ಉಳಿದು ಹಳತಾಗಿಬಿಡುತ್ತದೆ. 1987ರಲ್ಲಿ ಕೇಂದ್ರ ಸರ್ಕಾರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಅಂತ ಒಂದು ಯೋಜನೆ ಶುರುಮಾಡಿತು. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕಪ್ಪುಹಲಗೆ, ಭೂಪಟ, ಆಟಿಕೆ, ಇವು ಇರಲೇಬೇಕು ಅಂತ. ಒಳ್ಳೆಯ ಆಲೋಚನೆ. ಆದರೆ ಆಟಿಕೆ ಪೆಟ್ಟಿಗೆಯೊಳಗಿದ್ದರೆ ಅದು ಮಗುವಿನ ಪಾಲಿಗೆ ಬಂದ ಹಾಗಲ್ಲ. ಮಗು ನಿಂತು ಕೈ ಚಾಚಿದರೆ ಸಿಗಬೇಕು. ಮರಿಯಾ ಮಾಂಟೆಸೊರಿ ಎಂಬ ಇಟಲಿಯ ಡಾಕ್ಟರಮ್ಮ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದಾಗ ಮಾಡಿದ ದೊಡ್ಡ ಬದಲಾವಣೆಗಳಲ್ಲಿ ಇದೂ ಒಂದು: ಮಕ್ಕಳ ಅಳತೆಯ ಪೀಠೋಪಕರಣ, ತೆರೆದ ತಗ್ಗು ಗೂಡು, ಪ್ರತಿ ವಸ್ತುವಿಗೂ ಅದರದೇ ಜಾಗ. 1939ರಲ್ಲಿ ಆಕೆ ಮದ್ರಾಸಿನ ಅಡ್ಯಾರಿಗೇ ಬಂದು ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅಂಥ ಗೂಡನ್ನು ಮರದಲ್ಲಿ ಮಾಡಿಸಿದರೆ ಸಾವಿರಾರು ರೂಪಾಯಿ. ನಮ್ಮ ಕೋಣೆಯಲ್ಲಿ ಅಡಿಗೆ ನಾಲ್ಕು ಇಟ್ಟಿಗೆ, ಮೇಲೆ ಒಂದು ಹಳೆಯ ಹಲಗೆ, ಅದರ ಮೇಲೆ ಡಬ್ಬಗಳು. ಒಂದೇ ಸಾಲು. ಎರಡನೇ ಸಾಲು ಪೇರಿಸಬಾರದು, ಹಲಗೆ ಜಾರಿದರೆ ಮಕ್ಕಳ ಕಾಲ ಮೇಲೆ.

ತೆರೆದಿಟ್ಟರೆ ಧೂಳು ಅನ್ನುತ್ತೀರಿ. ತುಮಕೂರು ರಸ್ತೆಯ ಪಕ್ಕದಲ್ಲಿದ್ದು ಧೂಳಿನ ಬಗ್ಗೆ ನನಗೆ ಹೇಳಬೇಕೇ! ಮೇಲೆ ಮೆಟ್ರೋ, ಫ್ಲೈಓವರು, ಕೆಳಗೆ ರಿಂಗ್ ರೋಡಿನ ಲಾರಿಗಳು. ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಲ್ಲಿ ಅ ಆ ಇ ಈ ಬರೆಯಬಹುದು. ಅದಕ್ಕೆ ಹಳೆಯ ಸೀರೆಯ ಪರದೆ ಇದೆ. ಹಲಗೆಯ ಮುಂದೆ ಒಂದು ದಾರಕ್ಕೆ ಇಳಿಬಿಟ್ಟರೆ ಸಾಕು. ಹದಿನೈದು ದಿನಕ್ಕೊಮ್ಮೆ ಒಗೆದು ಹಾಕುವುದು.

ಪೆನ್ಸಿಲ್ ವಿಷಯಕ್ಕೆ ಬರೋಣ. ಇದು ಸಣ್ಣ ವಿಷಯ ಅಂದುಕೊಂಡಿರಾ? ಒಂದು ತರಗತಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಟೀಚರಿಗೆ ಕೇಳಿಬರುವ ಮಾತನ್ನೆಲ್ಲ ಎಣಿಸಿದರೆ ಮೊದಲ ಸ್ಥಾನ ‘ಮಿಸ್, ಇವನು ನನ್ನ ಪೆನ್ಸಿಲ್ ತಗೊಂಡ’ ಅನ್ನುವುದಕ್ಕೇ. ಎರಡನೆಯದು ‘ಮಿಸ್, ಮೆಂಡರ್ ಇಲ್ಲ’. ನಾವು ಮಾಡಿರುವುದು ಎರಡು ಡಬ್ಬಿ. ಒಂದರ ಮೇಲೆ ಚೂಪು ಪೆನ್ಸಿಲಿನ ಚಿತ್ರ, ಇನ್ನೊಂದರ ಮೇಲೆ ಮೊಂಡು ಪೆನ್ಸಿಲಿನ ಚಿತ್ರ. ಮೊಂಡಾದರೆ ಮಗು ಎದ್ದು ಬಂದು ಮೊಂಡಿನ ಡಬ್ಬಿಗೆ ಹಾಕಿ ಚೂಪಿನ ಡಬ್ಬಿಯಿಂದ ಒಂದು ತೆಗೆದುಕೊಂಡು ಹೋಗುತ್ತದೆ. ಮಾತಿಲ್ಲ, ಕಥೆಯಿಲ್ಲ. ಮೊಂಡನ್ನು ಚೂಪು ಮಾಡುವುದು ನಾನು ಹೋದ ದಿನ ನಾನು, ಉಳಿದ ದಿನ ಮೂರನೇ ತರಗತಿಯ ಒಬ್ಬರು, ಸರದಿಯ ಮೇಲೆ. ಪೆನ್ಸಿಲ್ ಯಾರದೂ ಅಲ್ಲ, ತರಗತಿಯದು. ಮನೆಯಿಂದ ತಂದದ್ದು ಬ್ಯಾಗಿನಲ್ಲೇ ಇರಲಿ. ಮಕ್ಕಳೇ, ನಿಮಗೆ ಇದು ಇಷ್ಟವಾಗಲಿಕ್ಕಿಲ್ಲ, ಚಿತ್ರವಿರುವ ಹೊಸ ಪೆನ್ಸಿಲನ್ನು ಎಲ್ಲರಿಗೂ ತೋರಿಸಬೇಕು ಅನಿಸುತ್ತದೆ. ಆದರೆ ಹೊಸ ಪೆನ್ಸಿಲ್ ಇಲ್ಲದವನೂ ಅದೇ ಕೋಣೆಯಲ್ಲಿ ಕೂತಿರುತ್ತಾನೆ.

ಡಬ್ಬಿ ಪ್ಲಾಸ್ಟಿಕ್ಕಿನದಾಗಿರಲಿ. ತಗಡಿನ ಡಬ್ಬಿಯ ಬಾಯಿ ಕೈ ಕೊಯ್ಯುತ್ತದೆ. ಸ್ಟೇಪ್ಲರ್ ಪಿನ್ನನ್ನೂ ನಾನು ಆ ಕೋಣೆಗೆ ಬಿಡುವುದಿಲ್ಲ. ನಲಿ-ಕಲಿ ಮಕ್ಕಳು ನೆಲದ ಮೇಲೆ ಕೂರುವವರು, ಓಡಾಡುವವರು, ಬರಿಗಾಲು.

ಪೀಣ್ಯ, ಯಶವಂತಪುರದ ಕಡೆ ಗಾರ್ಮೆಂಟ್ಸ್ ಕಾರ್ಖಾನೆಗಳು ಬಹಳ. ನಮ್ಮ ತರಗತಿಯ ಎಷ್ಟೋ ಮಕ್ಕಳ ತಾಯಂದಿರು ಅಲ್ಲೇ ದುಡಿಯುವವರು. ಅಲ್ಲಿಂದ ಗುಜರಿಗೆ ಬರುವ ಎರಡು ವಸ್ತು ಶಾಲೆಗೆ ಚಿನ್ನದಂಥವು. ಒಂದು, ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆ. ಅದನ್ನು ಗರಗಸದಿಂದ ಅಳತೆಗೆ ಕೊಯ್ದು ಭೂಪಟ, ಚಾರ್ಟುಗಳನ್ನು ಸುರುಳಿ ಸುತ್ತಿ ಒಳಗೆ ತೂರಿಸಿ ಮೂಲೆಯಲ್ಲಿ ನಿಲ್ಲಿಸಿದರೆ ಮಡಿಕೆ ಬೀಳದು, ಇಲಿ ಬಾಯಿ ಹಾಕದು. ಇನ್ನೊಂದು, ಕತ್ತರಿಸಿ ಉಳಿದ ಬಟ್ಟೆ ಚೂರು. ನಲಿ-ಕಲಿ ಕೋಣೆಯಲ್ಲಿ ಗೋಡೆಯ ಸುತ್ತ ಕೆಳಗಡೆ ಮಕ್ಕಳ ಎತ್ತರಕ್ಕೇ ಕಪ್ಪುಹಲಗೆ ಇರುತ್ತದೆ, ಒಬ್ಬೊಬ್ಬರಿಗೂ ಒಂದೊಂದು ಪಾಲು. ಹಾಗಾದರೆ ಒಬ್ಬೊಬ್ಬರಿಗೂ ಒಂದೊಂದು ಡಸ್ಟರ್ ಬೇಡವೇ? ಇಲ್ಲದಿದ್ದರೆ ಅಂಗೈ, ಆಮೇಲೆ ಅಂಗಿ. ನಾಲ್ಕು ಪದರ ಚೂರು ಸೇರಿಸಿ ಹೊಲಿದರೆ ಡಸ್ಟರ್ ಆಯಿತು. ನಮ್ಮ ಮನೆಯವರು ಒಂದು ಮಧ್ಯಾಹ್ನ ಕೂತು ಮೂವತ್ತು ಹೊಲಿದರು. ‘ಬ್ಯಾಂಕಿನಲ್ಲಿದ್ದಾಗಲೂ ನನಗೆ ಇಷ್ಟು ಓವರ್‌ಟೈಮ್ ಕೊಡಿಸಿರಲಿಲ್ಲ’ ಅಂತ ಒಂದು ಮಾತು ಸೇರಿಸಿಯೇ ಕೊಟ್ಟರು.

ಚಪ್ಪರ ಅಂತ ಇನ್ನೊಂದಿದೆ. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಮಕ್ಕಳು ಬರೆದದ್ದು, ಚಿತ್ರಿಸಿದ್ದು ತೂಗುಹಾಕುವುದು. ಮದುವೆಯ ಚಪ್ಪರದ ಹಾಗೆ. ಇದಕ್ಕೆ ನೈಲಾನ್ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ಪು, ಎರಡೇ ಸಾಕು. ಅಂಟು ಬೇಡ. ಅಂಟಿಸಿದರೆ ತೆಗೆಯುವಾಗ ಹರಿಯುತ್ತದೆ. ಕ್ಲಿಪ್ಪಾದರೆ ವಾರಕ್ಕೊಮ್ಮೆ ಬದಲಿಸಬಹುದು. ಬದಲಿಸಲೇಬೇಕು ಅನ್ನುತ್ತೇನೆ ನಾನು. ಹೋದ ವರ್ಷದ ಮಕ್ಕಳ ಚಿತ್ರ ಈ ವರ್ಷವೂ ತೂಗುತ್ತಿದ್ದರೆ ಈ ವರ್ಷದವರಿಗೆ ಅದರಲ್ಲಿ ಏನಿದೆ? ಗೋಡೆ ತುಂಬ ಬಣ್ಣ ಬಣ್ಣದ ಚಾರ್ಟು ಹೊಡೆಯುವ ಚಟವೂ ಕೆಲವು ಕಡೆ ಇದೆ. 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳ ಒಂದು ಗುಂಪನ್ನು ಅಲಂಕಾರ ತುಂಬಿದ ಕೋಣೆಯಲ್ಲೂ ಖಾಲಿ ಗೋಡೆಯ ಕೋಣೆಯಲ್ಲೂ ಕೂರಿಸಿ ಪಾಠ ಮಾಡಿ ನೋಡಿದರು. ಅಲಂಕಾರ ಹೆಚ್ಚಿದ್ದ ಕಡೆ ಮಕ್ಕಳ ಗಮನ ಹೆಚ್ಚು ಚೆದುರಿತು, ಕಲಿತದ್ದೂ ಕಡಿಮೆ. ಹಾಗಂತ ಬೋಳು ಗೋಡೆ ಇರಲಿ ಅಂತಲ್ಲ. ಉಪಯೋಗಿಸುವುದು ಇರಲಿ, ಉಳಿದದ್ದು ಕೊಳವೆಯೊಳಗಿರಲಿ.

ಈ ಎಲ್ಲದರಲ್ಲಿ ನನಗೆ ತುಂಬ ಬೇಕಾದದ್ದು ಜೇಬಿನ ಪರದೆ. ಒಂದು ಹಳೆಯ ಬೆಡ್‌ಶೀಟ್, ಅದರ ಮೇಲೆ ಸಾಲಾಗಿ ಬಟ್ಟೆಯ ಜೇಬುಗಳು, ಪ್ರತಿ ಜೇಬಿನ ಮೇಲೂ ತೆಳು ಪ್ಲಾಸ್ಟಿಕ್ಕಿನ ಒಂದು ಕಿಟಕಿ. ಕಿಟಕಿಯೊಳಗೆ ಮಗುವಿನ ಹೆಸರಿನ ಚೀಟಿ, ಜೊತೆಗೆ ಅದು ತಾನೇ ಆರಿಸಿಕೊಂಡ ಒಂದು ಚಿತ್ರ. ಒಬ್ಬನಿಗೆ ಜೆಸಿಬಿ, ಒಬ್ಬಳಿಗೆ ಚಿಟ್ಟೆ, ಇಬ್ಬರಿಗೆ ಮೆಟ್ರೋ ರೈಲೇ ಬೇಕು. ಜೇಬಿನಲ್ಲಿ ಆ ಮಗುವಿನ ಬರೆದ ಹಾಳೆಗಳು. ಇಪ್ಪತ್ತೆಂಟು ಮಕ್ಕಳಿಗೆ ಮೂವತ್ತು ಜೇಬು ಹೊಲಿಸಿ ಅಂತ ಟೀಚರ್ ಹೇಳಿದರು. ಎರಡು ಯಾಕೆ ಜಾಸ್ತಿ ಅಂತ ಕೇಳಿದೆ. ‘ನಡುವೆ ಬರೋರಿರ್ತಾರೆ ಸಾರ್’ ಅಂದರು.

ಹಾಗೆಯೇ ಆಯಿತು. ದೀಪಾವಳಿ ಕಳೆದ ಮೇಲೆ ಯಾದಗಿರಿ ಕಡೆಯ ಒಂದು ಹುಡುಗಿ ಬಂದಳು. ತಂದೆ ತಾಯಿ ಇಬ್ಬರೂ ಕಟ್ಟಡದ ಕೆಲಸದವರು. ಮೊದಲ ದಿನ ಅವಳು ಪರದೆಯ ಮುಂದೆ ನಿಂತು ಎಲ್ಲ ಚಿತ್ರಗಳನ್ನೂ ನೋಡಿ, ‘ನಂದು ಎಲ್ಲದ?’ ಅಂದಳು. ಟೀಚರ್ ಖಾಲಿ ಜೇಬು ತೋರಿಸಿ ‘ಇದು ನಿಂದೇ, ಏನ್ ಚಿತ್ರ ಬೇಕು ಹೇಳು’ ಅಂದರು. ಕುರಿ ಬೇಕು ಅಂದಳು. ನನಗೆ ಬಿಡಿಸಲು ಬಂದದ್ದು ನಾಯಿಗೂ ಕುರಿಗೂ ನಡುವಿನದು. ಅವಳು ಅದಕ್ಕೆ ತಾನೇ ಎರಡು ಕೊಂಬು ಬರೆದುಕೊಂಡಳು. ಎರಡು ವಾರದಲ್ಲಿ ಆ ಜೇಬು ಉಬ್ಬಿಹೋಯಿತು. ಅವಳಿಗೆ ಬರೆಯುವುದೆಂದರೆ ಅಷ್ಟು ಇಷ್ಟ.

ಯುಗಾದಿಗೆ ಮುಂಚೆ ಅವರ ಕೆಲಸ ಹೊಸಕೋಟೆ ಕಡೆಗೆ ಬದಲಾಯಿತು. ಸಾಮಾನ್ಯವಾಗಿ ಇಂಥ ಮಕ್ಕಳು ಹೇಳಿ ಹೋಗುವುದಿಲ್ಲ. ಒಂದು ಸೋಮವಾರ ಇರುವುದಿಲ್ಲ, ಅಷ್ಟೇ. ಇವಳ ತಾಯಿ ಹೇಳಲು ಬಂದರು. ಟೀಚರ್ ಜೇಬಿನಲ್ಲಿದ್ದ ಹಾಳೆಗಳನ್ನೆಲ್ಲ ತೆಗೆದು, ಮೂಲೆಗೆ ತೂತು ಹೊಡೆದು, ಟ್ಯಾಗು ಪೋಣಿಸಿ ಕಟ್ಟಿದರು. ಮೇಲಿನ ಹಾಳೆಯಲ್ಲಿ ಕನ್ನಡದಲ್ಲಿ ಎಷ್ಟನೇ ಮೈಲಿಗಲ್ಲು, ಗಣಿತದಲ್ಲಿ ಎಷ್ಟನೆಯದು, ಯಾವ ಮೆಟ್ಟಿಲು ಅಂತ ಬರೆದು ಸಹಿ ಹಾಕಿ, ‘ಅಲ್ಲಿ ಯಾವ ಸರ್ಕಾರಿ ಶಾಲೆಗೆ ಸೇರಿಸಿದ್ರೂ ಇದನ್ನ ಮೊದಲು ತೋರ್ಸಮ್ಮ, ಅಲ್ಲೂ ಇದೇ ಏಣಿ ಇರುತ್ತೆ’ ಅಂದರು. ಹುಡುಗಿ ಕುರಿಯ ಚೀಟಿಯನ್ನೂ ಕೇಳಿ ತೆಗೆದುಕೊಂಡಳು.

ಟ್ಯಾಗು ಅಂದರೆ ಗೊತ್ತಲ್ಲ, ಎರಡು ತುದಿಗೂ ಲೋಹದ ಮೊನೆ ಇರುವ ಕಚೇರಿಯ ದಾರ. ಬ್ಯಾಂಕಿನಲ್ಲಿ ಅದನ್ನು ನಾನು ಎಷ್ಟು ಸಾವಿರ ಕಟ್ಟಿದೆನೋ. ಒಂದು ಕಟ್ಟಿನ ಬೆಲೆ ನಾಲ್ಕು ಇಡ್ಲಿಗಿಂತ ಹೆಚ್ಚಿಲ್ಲ. ಆ ದಾರ ಇಲ್ಲದಿದ್ದರೆ ಹಾಳೆಗಳು ಚದುರುತ್ತಿದ್ದವು, ಚದುರಿದರೆ ಆ ಮಗು ಹೊಸ ಶಾಲೆಯಲ್ಲಿ ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕಿತ್ತು. ಪುಟ್ಟ ಮಕ್ಕಳಿಗೆ ಮಾತ್ರ ಮೊನೆಯನ್ನು ಕೈಗೆ ಕೊಡಬೇಡಿ, ದೊಡ್ಡವರೇ ಕಟ್ಟಿ.

ಹಾಳೆಗಳ ಕಟ್ಟು ಅಂದಾಗ ಒಂದು ಹಳೆಯ ಪದ ನೆನಪಾಯಿತು. ಕಚೇರಿಯ ಫೈಲಿಗೆ ಕನ್ನಡದಲ್ಲಿ ಕಡತ ಅನ್ನುತ್ತೇವೆ. ಮೊದಲು ಕಡತ ಅಂದರೆ ಕಾಗದವೇ ಅಲ್ಲ, ಬಟ್ಟೆ! ಹತ್ತಿ ಬಟ್ಟೆಗೆ ಹುಣಸೆ ಬೀಜದ ಗಂಜಿ, ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸಿ, ಬೀಸಣಿಗೆಯ ಹಾಗೆ ಮಡಿಸಿಡುತ್ತಿದ್ದರು. ಬಳಪದಿಂದ ಬರೆಯುವುದು, ಬೇಡವಾದರೆ ಉಜ್ಜಿ ಅಳಿಸಿ ಮತ್ತೆ ಬರೆಯುವುದು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷರವನು 1810ರಲ್ಲೇ ತನ್ನ ಪುಸ್ತಕದಲ್ಲಿ ಇದನ್ನು ವರ್ಣಿಸಿದ್ದಾನೆ. ನಮ್ಮ ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಎಲ್ಲ ಕಡತದಲ್ಲಿ. ಮಡಿಸಿದರೆ ಒಂದು ಪುಸ್ತಕ, ಬಿಚ್ಚಿದರೆ ಮಾರುದ್ದದ ಕಪ್ಪುಹಲಗೆ. ಕಡಿಮೆ ದುಡ್ಡಿನ ಶಾಲಾ ಸಾಮಾನು ಇದಕ್ಕಿಂತ ಬೇಕೇ? ಹಳೆಯ ಕಾಲದ ಕೂಲಿಮಠಗಳಲ್ಲಿ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಈ ಮರಳಿನ ಉಪಾಯ ಇಲ್ಲಿಂದ ಇಂಗ್ಲೆಂಡಿನ ತನಕ ಹೋಗಿದೆ. ಮದ್ರಾಸಿನಲ್ಲಿ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ತನ್ನ ಶಾಲೆಯಲ್ಲೂ ಅದನ್ನೇ ತಂದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಅಚ್ಚು ಹಾಕಿಸಿದ.

ಹೋದ ಬೇಸಿಗೆಯಲ್ಲಿ ನಾನೂ ಮೊಮ್ಮಗಳೂ ಅರ್ಧ ಮೀಟರ್ ಕಡತ ಮಾಡಿದೆವು. ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ ಕುದಿಸಿದರೆ ಅಂಟು. ಇದ್ದಿಲನ್ನು ಇಸ್ತ್ರಿ ಅಂಗಡಿಯವರು ಕೊಟ್ಟರು. ಎರಡು ಸಲ ಬಳಿದು ಒಣಗಿಸಿದೆವು. ಅಕ್ಷರ ಚೆನ್ನಾಗಿಯೇ ಮೂಡುತ್ತದೆ. ಕೈಯೂ ಚೆನ್ನಾಗಿಯೇ ಕಪ್ಪಾಗುತ್ತದೆ. ರಜೆಯಲ್ಲಿ ಮಾಡಿ, ಅಡುಗೆಮನೆಯಲ್ಲಿ ಬೇಡ.

ಈಗ ಲೆಕ್ಕ ಒಪ್ಪಿಸುತ್ತೇನೆ, ಹಳೆಯ ಚಾಳಿ. ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ಹತ್ತಿದರೆ ಅದೇ ಹಸಿರು ಲೈನಿನಲ್ಲಿ ಚಿಕ್ಕಪೇಟೆ. ಅಲ್ಲಿಂದ ನಡೆದರೆ ಸುಲ್ತಾನ್‌ಪೇಟೆ, ಕಾಗದ, ಸ್ಟೇಷನರಿ ಸಗಟು ಅಂಗಡಿಗಳ ಬೀದಿ. ನಾನು ಕೊಟ್ಟದ್ದು ಹೀಗಿದೆ. ಪ್ಲಾಸ್ಟಿಕ್ ತಟ್ಟೆ ಐದು, ನಲವತ್ತರಂತೆ 200. ಚಾರ್ಟ್ ಹಾಳೆ ಹತ್ತು, 100. ನೈಲಾನ್ ಹಗ್ಗ 60. ಕ್ಲಿಪ್ಪು ಮೂರು ಡಜನ್, 90. ಅಗಲದ ಟೇಪು ಎರಡು, 80. ಮಾರ್ಕರ್ ಪೆನ್ನು ಮೂರು, 60. ಟ್ಯಾಗಿನ ಕಟ್ಟು 40. ಪಾರದರ್ಶಕ ಪ್ಲಾಸ್ಟಿಕ್ ಎರಡೂವರೆ ಮೀಟರ್, 150. ಒಟ್ಟು 780 ರೂಪಾಯಿ. ಮೆಟ್ರೋ ಟಿಕೆಟ್ ನನ್ನ ಖಾತೆಗೆ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಬೋಧನೆಯ ಸಾಮಾನಿಗೆ ಅಂತ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಕೊಡುತ್ತಿದ್ದರು. ಉಳಿದದ್ದಕ್ಕೆ ಎಷ್ಟೋ ಟೀಚರುಗಳು ತಮ್ಮ ಪರ್ಸಿಗೇ ಕೈ ಹಾಕುತ್ತಾರೆ, ಯಾರಿಗೂ ಹೇಳುವುದಿಲ್ಲ. ನಿಮ್ಮ ಟೀಚರ್ ಮೇಜಿನ ಮೇಲಿರುವ ಬಣ್ಣದ ಸೀಮೆಸುಣ್ಣದ ಡಬ್ಬಿ ಯಾರ ದುಡ್ಡಿನದು ಅಂತ ಒಂದು ಸಲ ಕೇಳಿ ನೋಡಿ, ಮಕ್ಕಳೇ.

ಇದೆಲ್ಲ ತಂದು ಇಟ್ಟರೆ ಮುಗಿಯಲಿಲ್ಲ. ಸಂಜೆಯ ಟ್ಯಾಲಿ ಇಲ್ಲದಿದ್ದರೆ ಹದಿನೈದು ದಿನದಲ್ಲಿ ಡಬ್ಬಗಳೆಲ್ಲ ಕಿಚಡಿ. ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮುಂಚೆ ಪ್ರತಿ ತಟ್ಟೆಗೂ ಒಬ್ಬ ಲೆಕ್ಕಿಗ ನಿಲ್ಲುತ್ತಾನೆ. ಡಬ್ಬದ ಮೇಲೆ ಒಳಗೆ ಎಷ್ಟು ಕಾರ್ಡಿರಬೇಕು ಅಂತ ಬರೆದಿರುತ್ತದೆ. ಎಣಿಸಿ ಜೋರಾಗಿ ಹೇಳಬೇಕು. ‘ಇಪ್ಪತ್ತನಾಲ್ಕಕ್ಕೆ ಇಪ್ಪತ್ತಮೂರು!’ ಅಂತ ಒಂದು ದಿನ ಕೂಗು ಬಂತು. ಇಡೀ ತರಗತಿ ಮಂಡಿಯೂರಿ ಹುಡುಕಿತು. ಕೊನೆಗೆ ಅದು ಸಿಕ್ಕಿದ್ದು ಲೆಕ್ಕಿಗನ ಕೆಳಗೇ, ಅವನು ಅದರ ಮೇಲೆ ಕೂತಿದ್ದ. ಎಣಿಸುವುದು, ಕಳೆಯುವುದು ಅವರಿಗೆ ಗಣಿತದ ಕಾರ್ಡಿಗಿಂತ ಇಲ್ಲೇ ಚೆನ್ನಾಗಿ ಬಂದಿದೆ ಅಂತ ನನ್ನ ಅಭಿಪ್ರಾಯ. ಟೀಚರ್ ಒಪ್ಪುವುದಿಲ್ಲ.

ಇನ್ನೊಂದು ಲಾಭ ಅಜ್ಜ ಅಜ್ಜಿಯರಿಗೆ. ಒಂದು, ಎರಡನೇ ತರಗತಿಯ ಮಗುವಿನ ಬ್ಯಾಗು ಎರಡು ಕೆ.ಜಿ. ಮೀರಬಾರದು ಅಂತ 2019ರಲ್ಲೇ ನಮ್ಮ ಸರ್ಕಾರ ಆದೇಶ ಮಾಡಿದೆ. ಆ ಬ್ಯಾಗು ಹೊರುವವರು ಯಾರು? ನಾವೇ. ಹಾಳೆ, ಸ್ಲೇಟು, ಪೆನ್ಸಿಲುಗಳಿಗೆ ಕೋಣೆಯಲ್ಲೇ ಜಾಗವಿದ್ದರೆ ಅವು ದಿನಾ ಮನೆಗೂ ಶಾಲೆಗೂ ಪ್ರಯಾಣ ಮಾಡಬೇಕಿಲ್ಲ.

ನನ್ನ ವಯಸ್ಸಿನವರಿಗೆ ಒಂದು ಕೋರಿಕೆ. ಮನೆ ಖಾಲಿ ಮಾಡಿದ ಹಳೆ ಸಾಮಾನನ್ನೆಲ್ಲ ಮೂಟೆ ಕಟ್ಟಿ ಶಾಲೆಯ ಬಾಗಿಲಿಗೆ ಇಳಿಸಿ ಬರಬೇಡಿ. ಮುರಿದ ಆಟಿಕೆ, ನಿಂತ ಗಡಿಯಾರ, ಅರ್ಧ ತುಂಬಿದ ಡೈರಿ, ಇವನ್ನು ಎತ್ತಿಹಾಕುವ ಕೆಲಸವೂ ಆ ಒಬ್ಬ ಟೀಚರದ್ದೇ ಆಗುತ್ತದೆ. ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು ಅನುಮತಿ ಕೇಳಿ, ಎಸ್‌ಡಿಎಂಸಿಯವರು ಯಾರಾದರೂ ಪರಿಚಯವಿದ್ದರೆ ಅವರ ಮೂಲಕ ಹೋಗಿ. ಆಮೇಲೆ ಟೀಚರನ್ನು ಕೇಳಿ, ಏನು ಬೇಕು ಅಂತ. ನಾನು ಈ ಜೂನ್‌ನಲ್ಲಿ ಕೇಳಿದೆ. ದೊಡ್ಡ ಪಟ್ಟಿ ಬರುತ್ತದೆ ಅಂದುಕೊಂಡು ಪೆನ್ನು ತೆಗೆದೆ. ಅವರು ಸ್ವಲ್ಪ ಯೋಚಿಸಿ, ‘ಮೇಜಿಗೆ ಕಚ್ಚಿಸಿ ಹಿಡಿಕೆ ತಿರುಗಿಸ್ತಾರಲ್ಲ ಸಾರ್, ಆ ದೊಡ್ಡ ಮೆಂಡರ್ ಒಂದು. ಇನ್ನೊಂದೆರಡು ಜೇಬು, ಆಗುತ್ತಾ?’ ಅಂದರು. ಮೆಂಡರಿಗೆ ಶನಿವಾರ ಸುಲ್ತಾನ್‌ಪೇಟೆಗೆ ಹೋಗುತ್ತಿದ್ದೇನೆ. ಜೇಬಿನ ವಿಷಯ ಮನೆಯವರಿಗೆ ಇನ್ನೂ ಹೇಳಿಲ್ಲ.